ಸುಣ್ಣ ಎರಡು ಸಲ

ಮನೆಯಿಂದ,
ಹದಿನಾಲ್ಕನೇ ತಾರೀಖು, ಭಾನುವಾರ

ಪ್ರೀತಿಯ ಅಜ್ಜೀ,

ನಿನ್ನ ಮಂಡಿನೋವು ಹೇಗಿದೆ? ಅತ್ತೆ ಮನೆಯ ಮೆಟ್ಟಿಲು ಹತ್ತಿ ಇಳಿಯಲು ಆಗುತ್ತಿದೆಯೇ? ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಕೂರುತ್ತೀಯೋ, ಅಲ್ಲೂ ಕೂತಲ್ಲಿ ಕೂರದೆ ಯಾರದೋ ಪಾತ್ರೆ ತಿಕ್ಕುತ್ತೀಯೋ? ಸ್ವಲ್ಪ ದಿನ ಇದ್ದು ಬರುತ್ತೇನೆ ಎಂದು ಹೋದವಳ ಮಂಡಿ ಇನ್ನೂ ಯಾಕೆ ವಾಸಿಯಾಗಿಲ್ಲ ಎಂದು ನನಗೆ ಈಗೀಗ ಅರ್ಥವಾಗುತ್ತಿದೆ. ಅದನ್ನು ಆಮೇಲೆ ಬರೆಯುತ್ತೇನೆ. ಮೊದಲು ದನಗಳ ಸುದ್ದಿ.

ಹುಲ್ಲು ಮುಗಿದ ಮೇಲೆ ದೊಡ್ಡಪ್ಪ ಕಬ್ಬು ತರಿಸಿದರು. ಕಾರ್ಖಾನೆಯವರು ಬೇಡವೆಂದ ಮುದಿ ಕಬ್ಬು, ಸಿಪ್ಪೆ ಬಿದಿರಿನ ಹಾಗೆ. ಸಿಹಿಯ ಆಸೆಗೆ ದನಗಳು ತಿಂದವು, ಆದರೆ ನಾರು ಕರಗಲಿಲ್ಲ. ಹೊಟ್ಟೆ ತುಂಬಿದಂತೆ ಕಂಡರೂ ಮೈ ಇಳಿಯಿತು, ಸಗಣಿಯಲ್ಲಿ ಹಗ್ಗದ ಎಳೆಗಳು. ಆಗ ದನದ ಡಾಕ್ಟರು ಒಂದು ಉಪಾಯ ಹೇಳಿಕೊಟ್ಟರು. ಕಬ್ಬನ್ನು ಸಣ್ಣಗೆ ಕತ್ತರಿಸಿ, ಸುಣ್ಣದ ಪುಡಿಯನ್ನು ಡ್ರಮ್ಮಿನ ನೀರಿನಲ್ಲಿ ಕದಡಿ ಮೇಲೆ ಸುರಿದು, ಚೆನ್ನಾಗಿ ಮಗುಚಿ, ಮಾರನೆಯ ದಿನ ಹಾಕಬೇಕು. ಸುಣ್ಣ ನಾರಿನ ಬಿಗಿ ಸಡಿಲಿಸುತ್ತದಂತೆ. ನಿಜವೇ ಅಜ್ಜಿ. ನಿನ್ನ ದೊರೆಸಾನಿ, ಬೇರೆ ಹಸು ಮುಟ್ಟಿದ ಮೇವನ್ನು ಮೂಸಿಯೂ ನೋಡದವಳು, ಬಾನಿ ನೆಕ್ಕಿಟ್ಟಳು. ಮಧ್ಯಾಹ್ನ ಮಲಗಿ ಕಣ್ಣು ಅರೆಮುಚ್ಚಿ ಮೆಲುಕು ಹಾಕುವುದನ್ನು ನೋಡಿದರೆ ನಮಗೂ ಹೊಟ್ಟೆ ತುಂಬಿದಂತಾಗುತ್ತಿತ್ತು. ಆದರೆ ಸುಣ್ಣಕ್ಕೆ ಅಳತೆ ಉಂಟು, ಹೆಚ್ಚಾದರೆ ಕೆಟ್ಟದ್ದು ಎಂದು ಡಾಕ್ಟರು ಆವತ್ತೇ ಹೇಳಿದ್ದರು.

ಈಗ ಮನೆಯ ಸುದ್ದಿ. ನೀನಿದ್ದಾಗ ನಾನಿದನ್ನು ಗಮನಿಸಿರಲಿಲ್ಲ. ಶಾಲೆ ಬಿಟ್ಟವನು ಅಲೆಯದಿರಲಿ ಎಂದು ಅಪ್ಪ ನನ್ನನ್ನು ಇಲ್ಲಿ ತಂದು ಬಿಟ್ಟಾಗ, ದೊಡ್ಡಪ್ಪ ದೊಡ್ಡಮ್ಮ ಇಬ್ಬರೂ ನಿನ್ನೊಡನೆಯೇ ಮಾತಾಡುತ್ತಿದ್ದರು. ಅಜ್ಜಿಯ ಮೇಲೆ ಎಷ್ಟು ಪ್ರೀತಿ ಎಂದುಕೊಂಡಿದ್ದೆ. ನೀನು ಹೋದ ದಿನವೇ ತಿಳಿಯಿತು. ದೊಡ್ಡಮ್ಮ ತಟ್ಟೆ ಇಟ್ಟು, "ನಿಮ್ಮ ದೊಡ್ಡಪ್ಪಂಗೆ ಊಟಕ್ಕೆ ಬರೋಕೆ ಹೇಳೋ" ಅಂದರು. ದೊಡ್ಡಪ್ಪ ಅಲ್ಲೇ, ಅದೇ ಬಾಗಿಲಲ್ಲಿ ನಿಂತಿದ್ದರು. "ಹಸಿವಿಲ್ಲ ಅಂತ ಹೇಳು" ಅಂದರು. ನಾನು ಹೇಳಿದೆ. ಅಂದಿನಿಂದ ಹೇಳುತ್ತಲೇ ಇದ್ದೇನೆ. ಯಾಕೆ ಮಾತು ಬಿಟ್ಟಿದ್ದೀರಿ ಎಂದು ಕೇಳಿದರೆ ದೊಡ್ಡಪ್ಪ "ಅವಳನ್ನೇ ಕೇಳು" ಅನ್ನುತ್ತಾರೆ; ದೊಡ್ಡಮ್ಮ "ಅವರನ್ನೇ ಕೇಳು" ಅನ್ನುತ್ತಾರೆ. ಸ್ನಾನದ ಮನೆಯಲ್ಲಿದ್ದರೂ ಕರೆ ಬರುತ್ತದೆ. ಸೋಪು ಮೆತ್ತಿಕೊಂಡ ತಲೆಯಲ್ಲೇ ಇವರ ಪ್ರಶ್ನೆ ಅವರಿಗೆ, ಅವರ ಉತ್ತರ ಇವರಿಗೆ. ದನಕ್ಕಾದರೂ ಹಗ್ಗ ಕಣ್ಣಿಗೆ ಕಾಣುತ್ತದೆ.

ಹೋದ ವಾರ ಒಂದು ದಿನ ನಾನು ಮನೆಯಲ್ಲಿರಲಿಲ್ಲ. ಕಬ್ಬು ತರುವ ಮೀಸೆ ಡ್ರೈವರ್ "ಕ್ಲೀನರ್ ಬೇಕು, ಬರ್ತೀಯೇನೋ?" ಎಂದು ಕೇಳಿದ್ದ. ಬೆಳಿಗ್ಗೆಯೇ ಲಾರಿ ನಿಲ್ಲುವ ಕಡೆ ಹೋಗಿ ಅವನ ಜೊತೆ ಟೈರು ಬಿಚ್ಚುತ್ತಾ ಕೂತಿದ್ದೆ. ಅತ್ತ ದೊಡ್ಡಮ್ಮ ಕಬ್ಬಿಗೆ ಸುಣ್ಣದ ನೀರು ಸುರಿದು ಮಗುಚಿದ್ದಾರೆ. ಆಮೇಲೆ ಬಂದ ದೊಡ್ಡಪ್ಪ, ಇನ್ನೂ ಆಗಿಲ್ಲವೆಂದುಕೊಂಡು ಮತ್ತೊಮ್ಮೆ ಸುರಿದಿದ್ದಾರೆ. ದೊಡ್ಡಮ್ಮ ಅಲ್ಲೇ ಹಾಲಿನ ಕ್ಯಾನು ತೊಳೆಯುತ್ತಿದ್ದರು. ನೋಡಲಿಲ್ಲವೇ ಎಂದು ಕೇಳಿದೆ. "ನೋಡ್ದೆ ಕಣೋ. ಹೇಳ್ಸೋಣ ಅಂದ್ರೆ ನೀನಿರ್ಲಿಲ್ಲವಲ್ಲ" ಅಂದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮಾರನೆಯ ದಿನ ಅದನ್ನು ತಿಂದ ದನಗಳಿಗೆ ಸಂಜೆಯ ಹೊತ್ತಿಗೆ ಬಾಯಿ ಕೆಂಪಾಗಿ ನೊರೆ ಬಂತು. ನೀರು ಕುಡಿದದ್ದೇ ಕುಡಿದದ್ದು, ಸಗಣಿ ನೀರಾಯಿತು. ಉಳಿದವು ಬೇಗ ಚೇತರಿಸಿಕೊಂಡವು. ದೊರೆಸಾನಿ ಮಾತ್ರ ಮೆಲುಕು ನಿಲ್ಲಿಸಿಬಿಟ್ಟಳು. ಹೊಟ್ಟೆಯೊಳಗೆ ಮೇವನ್ನು ಕರಗಿಸುವ ಸಣ್ಣ ಜೀವಿಗಳು ಸತ್ತಿವೆ, ಕಬ್ಬು ನಿಲ್ಲಿಸಿ, ಎಲ್ಲಿಂದಾದರೂ ತಂದು ಬರೀ ಒಣಹುಲ್ಲು ಸ್ವಲ್ಪಸ್ವಲ್ಪವೇ ಹಾಕಿ, ಮೆಲುಕು ಶುರುವಾದರೆ ಬದುಕುತ್ತದೆ ಎಂದು ಡಾಕ್ಟರು ಹೇಳಿ ಹೋದರು. ಅವಳ ಪಕ್ಕೆಗೆ ಕಿವಿಯಿಟ್ಟರೆ ಒಳಗೆ ಏನೂ ಕೇಳಿಸುವುದಿಲ್ಲ.

ತಪ್ಪು ದೊಡ್ಡಮ್ಮನದು ಎಂದು ಬರೆ ಅಂತ ದೊಡ್ಡಪ್ಪ. ದೊಡ್ಡಪ್ಪನದು ಅಂತ ದೊಡ್ಡಮ್ಮ. ಇಬ್ಬರದೂ ಎಂದೇ ನಾನು ಬರೆಯುತ್ತಿದ್ದೇನೆ. ಒಂದು ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು: "ಅಜ್ಜಿನ ಬರೋಕೆ ಹೇಳು." ಹೇಳಿದ್ದೇನೆ. ಲಾರಿಯವನು ನಾಳೆಯವರೆಗೆ ಕಾಯುತ್ತಾನಂತೆ. ಹೋಗೋಣವೆಂದರೆ, ನಾನೊಂದು ದಿನ ಇಲ್ಲದ್ದಕ್ಕೇ ಹಸು ಹೀಗೆ ಬಿದ್ದಿದೆ. ಪೂರ್ತಿ ಹೋದರೆ ಏನು ಗತಿ? ಇರೋಣವೆಂದರೆ, ಅಜ್ಜಿ, ನನ್ನ ಬಾಯಲ್ಲಿ ನನ್ನದೇ ಒಂದು ಮಾತು ಬಂದು ಎಷ್ಟೋ ದಿನವಾಯಿತು.

ಅತ್ತೆಗೆ ನನ್ನ ನಮಸ್ಕಾರ ತಿಳಿಸು. ಬಿಸಿಲಿಗೆ ಕೂರು, ಪಾತ್ರೆ ಮುಟ್ಟಬೇಡ.

ನಿನ್ನ ತಲೆಹರಟೆ ಮೊಮ್ಮಗ

ಮರೆತದ್ದು, ಸೋಮವಾರ: ಇದನ್ನು ಲಾರಿಯ ಬಾನೆಟ್ಟಿನ ಮೇಲಿಟ್ಟು ಬರೆಯುತ್ತಿದ್ದೇನೆ, ಅಕ್ಷರ ನೋಡಿ ಬೈಯಬೇಡ. ಬೆನ್ನ ಹಿಂದೆ ಬರೆದದ್ದು ಬೇಡವೆಂದು ನಿನ್ನೆ ಈ ಕಾಗದವನ್ನು ಕೊಟ್ಟಿಗೆಯಲ್ಲಿ ನಿಂತು ಇಬ್ಬರಿಗೂ ಗಟ್ಟಿಯಾಗಿ ಓದಿದೆ. ದೊಡ್ಡಮ್ಮ ನನ್ನ ಕಡೆ ತಿರುಗದೆ, ದೊರೆಸಾನಿಯ ಕೊರಳು ಸವರುತ್ತಾ, "ನೋಡೇ, ಹುಲ್ಲು ನಾನು ಹಾಕಿದೀನಿ, ಮತ್ತೆ ಹಾಕೋದು ಬೇಡ ಅಂತ ಹೇಳು ಆ ಮಹಾರಾಯರಿಗೆ" ಅಂದರು. ದೊಡ್ಡಪ್ಪ ಅದರ ಬಾಲದ ಕಡೆ ನಿಂತು, "ಸರಿ, ನೀರು ನಾನು ಕುಡಿಸ್ತೀನಿ ಅಂತ ಹೇಳಮ್ಮ" ಅಂದರು. ಹಸು ಯಾರಿಗೂ ಏನೂ ಹೇಳಲಿಲ್ಲ. ಬೆಳಿಗ್ಗೆ ನೋಡಿದರೆ ದವಡೆ ಮೆಲ್ಲಗೆ ಆಡುತ್ತಿತ್ತು. ನೀನು ಬರಬೇಡ ಅಜ್ಜಿ. ಇಬ್ಬರೂ ಬೇರೆಬೇರೆ ಕಾಗದ ಬರೆದು ಕರೆದರೂ ಬರಬೇಡ. ನಾನು ಹೊರಟೆ. ಪಾಪ, ಕಟ್ಟಿದಲ್ಲೇ ಉಳಿದವಳು ದೊರೆಸಾನಿಯೊಬ್ಬಳೇ.