ರೋಗಿಗೆ ಹೇಳಬಾರದ ರೋಗ

ಮಿದುಳು ಚಿಕಿತ್ಸೆಗಳ ಅನುಮತಿ ಸಮಿತಿಯ ಮಾನ್ಯ ಅಧ್ಯಕ್ಷರೇ,

ನನ್ನ ಗಂಡನಿಗೆ ಸಿಗಬೇಕಿದ್ದ ಜೀನ್ ಚಿಕಿತ್ಸೆಯನ್ನು ನೀವು ಎರಡನೇ ಸಲವೂ ತಿರಸ್ಕರಿಸಿದ್ದೀರಿ. ಅಭಿನಂದನೆಗಳು. ಅವನ ತಲೆಯೊಳಗಿನ ಒಂದು ಗಡ್ಡೆಗಾಗಿ ಇಷ್ಟು ನಿಷ್ಠೆಯಿಂದ ದುಡಿಯುವವರು ಕಝಾಕಸ್ತಾನದಲ್ಲಿ ಇನ್ನೊಬ್ಬರಿರಲಾರರು.

ನನ್ನ ಗಂಡ ಎರ್ಸಾಯಿನ್, ಕರಗಂಡ ಊರಿನ ರೈಲು ನಿಲ್ದಾಣದಲ್ಲಿ ಹತ್ತೊಂಬತ್ತು ವರ್ಷ ಮೈಕಿನ ಮುಂದೆ ಕೂತು ಗಾಡಿಗಳ ಹೊತ್ತು ಸಾರಿದವನು. ಅವನ ತಲೆಯ ಶಸ್ತ್ರಚಿಕಿತ್ಸೆ ಮಾಡಿದ ಡಾಕ್ಟರ್ ಗುಲ್‌ಶಾತ್ ನನ್ನೊಬ್ಬಳನ್ನೇ ಪಕ್ಕಕ್ಕೆ ಕರೆದರು. "ಗರಿಕೆ ಬೇರಿನ ಹಾಗೆ ಹರಡಿದೆಯಮ್ಮಾ, ಪೂರ್ತಿ ತೆಗೆಯೋಕಾಗಲ್ಲ. ಇನ್ನೊಂದು ಸಲ ತಲೆ ತೆರೆದು, ಪಳಗಿಸಿದ ವೈರಾಣು ಕೈಲಿ ಒಂದು ಜೀನ್ ಕೊಟ್ಟು ಗಡ್ಡೆ ಒಳಕ್ಕೆ ಕಳಿಸ್ತೀವಿ. ಆಮೇಲೆ ಮಾತ್ರೆ ಕೊಟ್ರೆ ಆ ಜೀನ್ ಹೊಕ್ಕ ಜೀವಕೋಶ ಸಾಯತ್ತೆ. ವಾಸಿ ಆಗಲ್ಲ, ಬೆಳೆಯೋದು ನಿಧಾನ ಆಗಬಹುದು." ನಿಧಾನವಾಗಿದ್ದರೆ ನನಗೆ ಸಾಕಿತ್ತು.

ರೋಗಿಗೆ ಇಂಥ ರೋಗದ ಹೆಸರು ಹೇಳದಿರುವುದು ನಮ್ಮಲ್ಲಿ ಮರ್ಯಾದೆ. ನಾವೂ "ಬರೀ ನೀರುಗುಳ್ಳೆ" ಎಂದಿದ್ದೆವು. ರೋಗ ತಿಳಿದು ರೋಗಿಯೇ ರುಜು ಹಾಕಬೇಕಾದ ಒಪ್ಪಿಗೆ ಪತ್ರಕ್ಕೆ ಏನು ಮಾಡಲಿ ಎಂದು ನಿಮ್ಮ ಕಚೇರಿಗೇ ಬಂದು ಕೇಳಿದೆ. ಹಾಲು ಬೆರೆಸಿದ ಚಹಾ ಕೊಟ್ಟು ನೀವೇ ಅಂದಿರಿ: "ಹೇಳ್ಬೇಡ ತಂಗಿ. ಸಾಯೋಕ್ ಮುಂಚೇನೇ ಯಾಕೆ ಸಾಯಿಸ್ತೀಯ? ಅವನ ಪರವಾಗಿ ನೀನೇ ರುಜು ಹಾಕು. ನಾವೇನು ಪರದೇಶದವರಾ?" ಹಾಕಿದೆ. ಏಳು ವಾರದ ಮೇಲೆ ಕಡತ ವಾಪಸು ಬಂತು. ಕಾರಣ, ರೋಗಿಗೆ ತನ್ನ ರೋಗ ತಿಳಿದಿಲ್ಲ. ಕೆಳಗೆ ನಿಮ್ಮದೇ ರುಜು, ಬಲು ಅಂದವಾಗಿತ್ತು.

ಅಂದೇ ಅವನಿಗೆ ಹೇಳಿದೆ. "ಊರಿಗೆಲ್ಲಾ ಗೊತ್ತು, ನನ್ನ ತಲೆ ವಿಷ್ಯ ನನಗೇ ಗೊತ್ತಿಲ್ವೇನೆ?" ಎಂದು ಚಹಾ ಬಟ್ಟಲನ್ನು ಗೋಡೆಗೆ ಎಸೆದ. ಅತ್ತ. ಆಮೇಲೆ "ತಾ ಆ ಕಾಗದ" ಎಂದು ರುಜು ಹಾಕಿದ. ನೌರಿಜ್ ಹಬ್ಬದ ರಜೆ ಕಳೆದು ನಿಮ್ಮ ಸಭೆ ಕೂಡಲು ಮತ್ತೆ ಆರು ವಾರ ಹಿಡಿಯಿತು. ಗಡ್ಡೆ ರಜೆ ಹಾಕಲಿಲ್ಲ, ಮಾನ್ಯರೇ. ಅಷ್ಟರಲ್ಲಿ ಅವನ ಮಾತು ನಿಂತುಹೋಯಿತು. ಈ ಸಲ ನೀವು ಬರೆದದ್ದು: ರೋಗಿ ಮಾತನಾಡಲಾರ, ಆದ್ದರಿಂದ ಅವನಿಗೆ ಅರ್ಥವಾಗಿದೆ ಎನ್ನಲಾಗದು. ಅಯ್ಯಾ, ಇಷ್ಟೆಲ್ಲ ಮಾತನಾಡುವ ನಿಮಗೆ ಏನು ಅರ್ಥವಾಗಿದೆ?

ಹೊತ್ತು ಮೀರಿತು ಎನ್ನುತ್ತಾರೆ ಡಾಕ್ಟರು. ಹಾಗಾಗಿ ನಾನೀಗ ಅನುಮತಿ ಕೇಳುತ್ತಿಲ್ಲ. ದಿನಾ ಬೆಳಿಗ್ಗೆ ಅವನು ಒಪ್ಪಿಗೆ ಪತ್ರದ ಪ್ರತಿಯನ್ನು ಬೆರಳಿನಿಂದ ತಟ್ಟಿ ನನ್ನ ಮುಖ ನೋಡುತ್ತಾನೆ. "ಇನ್ನೂ ನೋಡ್ತಿದ್ದಾರಂತೆ" ಎಂದು ಸುಳ್ಳು ಹೇಳುತ್ತೇನೆ. ನನ್ನಿಂದ ಇನ್ನಾಗದು. ನೀವೇ ನಮ್ಮ ಮನೆಗೆ ಬನ್ನಿ. ಅವನೆದುರು ಕೂತು, ಬೇಡ ಎಂದವನು ನಾನೇ ಎಂದು ಬಾಯಿಬಿಟ್ಟು ಹೇಳಿ. ಅವನಿಗೆ ಅರ್ಥವಾಯಿತೋ ಇಲ್ಲವೋ, ಅವನ ಕಣ್ಣು ನೋಡಿ ಕಡತದಲ್ಲಿ ಬರೆದುಕೊಳ್ಳಿ.

ಇಂತಿ,
ನಿಮ್ಮ ಮಾತು ನಂಬಿ ಗಂಡನ ಏಳು ವಾರ ಕಳೆದವಳು,
ಝೌರೆ