ಚಿವುಟಿದ ಕುಡಿ

ಜುಲೈ 12, ಶನಿವಾರ. ಫಾಸ್ಟರ್ ಸಿಟಿ.

ತಂಗಿಯ ಮಗಳು ಭಾವನಾಳ ನಾಲ್ಕು ಗಾಂಜಾ ಗಿಡಗಳೂ ಇವತ್ತು ಗೇಣುದ್ದದಲ್ಲೇ ಹೂ ಬಿಟ್ಟಿವೆ. ಇಲ್ಲಿ ಅದನ್ನು ಮನೆಯಲ್ಲಿ ಬೆಳೆಯಲು ಕಾನೂನೇ ಬಿಟ್ಟಿದೆ. ತಪ್ಪು ನನ್ನದು. ಹೋದ ತಿಂಗಳು ಅವಳು ಆಫೀಸಿಗೆ ಹೋದಾಗ, ಗಾಳಿಗೆ ಬೀಳದೆ ಪೊದೆಯಾಗಲಿ ಎಂದು ಎಲ್ಲದರ ಕುಡಿ ಚಿವುಟಿದ್ದೆ. ಮೂವತ್ತು ವರ್ಷ ಸೇವಂತಿಗೆ ಬೆಳೆದ ಕೈ ಎಂದು ಬೀಗಿದ್ದೆ ಬೇರೆ.

"ಇದು ಆಟೋಫ್ಲವರು ಮಾಮ. ಸೇವಂತಿಗೆ ಥರ ಹಗಲು ಎಷ್ಟುದ್ದ ಅಂತ ನೋಡಲ್ಲ, ವಯಸ್ಸಾದ ತಕ್ಷಣ ಹೂ ಬಿಡತ್ತೆ. ಚಿವುಟಿದ್ರೆ ಮತ್ತೆ ಬೆಳೆಯೋಕೆ ಟೈಮೇ ಇರಲ್ಲ," ಎಂದಳು. ಬೈಯಲಿಲ್ಲ. ಬೈದಿದ್ದರೆ ಏನಾದರೂ ತಮಾಷೆ ಮಾಡಿ ತಪ್ಪಿಸಿಕೊಳ್ಳುತ್ತಿದ್ದೆ.

ತೀರಿಹೋದ ಅವಳ ಗಂಡ ಯಶಸ್ ಇಲ್ಲಿನ ಗಾಳಿ ತಡೆಯಲೆಂದೇ ಮೂರು ವರ್ಷ ಆರಿಸಿ ಉಳಿಸಿದ ತಳಿ ಅದು. ಇದ್ದದ್ದೇ ನಾಲ್ಕು ಬೀಜ. ಇನ್ನು ಬೀಜ ಕಟ್ಟುವುದು ಅನುಮಾನ. ಅನ್ನ ಕಲಸಿದೆ, ತಿಂದೆ. ಉಪ್ಪಿತ್ತೋ ಇಲ್ಲವೋ ಗೊತ್ತಿಲ್ಲ.

ಆಮೇಲೆ ಊರಿಂದ ಹೆಂಡತಿ ಭದ್ರಮ್ಮನ ಫೋನು. ಅವಳಿಗೆ ಗಾಂಜಾ ಎನ್ನಲಾಗದೆ ಸೇವಂತಿಗೆ ಎಂದೇ ಹೇಳಿಟ್ಟಿದ್ದೆ. ಗೇಣುದ್ದಕ್ಕೇ ಹೂ ಬಂತು ಎಂದೆ.

"ನೀವು ಅಲ್ಲಿದ್ದೂ ಹಂಗಾಯ್ತಾ?" ಎಂದಳು.

ನಾನಿದ್ದದ್ದಕ್ಕೇ ಹಾಗಾದದ್ದು. ಇಲ್ಲಿ ಗಾಳಿ ಜಾಸ್ತಿ ಎಂದೆ. ಹೊರಗೆ ಗಾಳಿ ಜೋರಾಗಿದೆ. ಗಿಡಗಳು ಮಾತ್ರ ಅಲ್ಲಾಡುತ್ತಿಲ್ಲ, ಅಷ್ಟು ಗಿಡ್ಡ.