ಸಂಚಿಯ ತೇಪೆ

ವೈದ್ಯನಾಥಪುರ, 1978

ಅವ್ವ,

ನೀನು ಹೋಗಿ ಆರು ವರ್ಷವಾಯಿತು. ಇದ್ದಾಗಲೂ ನಿನಗೆ ಓದಲು ಬರುತ್ತಿರಲಿಲ್ಲ. ಆದರೂ ಬರೆಯುತ್ತಿದ್ದೇನೆ.

ನನ್ನ ಮಗ ಚಲುವರಾಜು ಜೀನ್ಸ್ ಪ್ಯಾಂಟು ಅಂತ ಗೋಣಿಯಂಥ ದಪ್ಪ ನೀಲಿ ಬಟ್ಟೆ ಹಾಕಿಕೊಂಡು ಮಂಡ್ಯದ ಕಾಲೇಜಿಗೆ ಹೋಗುತ್ತಾನೆ. ಮೊನ್ನೆ ಅದರ ಮಂಡಿ ಸವೆದು ಹರಿಯಿತು. ಸೋಮನಹಳ್ಳಿಯ ಟೈಲರು, "ಮಿಷನ್ ಸೂಜಿ ಮುರ್ದೋಯ್ತದೆ, ತಕೊಂಡೋಗಮ್ಮ" ಅಂದ. ಕೈಯಲ್ಲೇ ಹೊಲಿಯೋಣವೆಂದರೆ ನನಗೆ ತೇಪೆ ಹಾಕಲು ಬಾರದು. ಕಲಿಸುತ್ತೇನೆ ಬಾ ಎಂದು ನೀನು ಕರೆದಾಗಲೆಲ್ಲ ಎದ್ದು ಹೋಗುತ್ತಿದ್ದೆ.

ದೇವರ ಗೂಡಿನಲ್ಲಿಟ್ಟಿದ್ದ ನಿನ್ನ ಎಲೆಅಡಿಕೆ ಸಂಚಿ ತೆಗೆದೆ. ತಪ್ಪಾಯಿತು ಎಂದು ವೈದ್ಯನಾಥೇಶ್ವರನಿಗೆ ಕೈಮುಗಿದು, ಅದರ ತೇಪೆಯ ಒಂದು ಬದಿ ಬಿಚ್ಚಿ ನೋಡಿದೆ. ಹರಿದ ಜಾಗ ದಾಟಿ ಗಟ್ಟಿ ಬಟ್ಟೆಯವರೆಗೂ ಹೊಲಿಗೆ ಹಾಕಿದ್ದೀಯ. ದಾರವನ್ನು ಎಲ್ಲೂ ಬಿಗಿದೆಳೆದಿಲ್ಲ. ಒಳಗೆ ಮಡಿಸಿಟ್ಟ ತುಂಡು ನೀನು ತೇಪೆ ಹಾಕಿಕೊಟ್ಟಿದ್ದ ನನ್ನ ಹಸಿರು ಲಂಗದ್ದು. ಸ್ಕೂಲಿನಲ್ಲಿ "ತೇಪೆ ಇಂದ್ರಿ" ಎಂದು ನಗುತ್ತಾರೆಂದು ನಾನು ತಿಪ್ಪೆಗೆ ಎಸೆದು ಬಂದಿದ್ದ ಲಂಗ. ಅದನ್ನು ಯಾವಾಗ ಎತ್ತಿಕೊಂಡು ಬಂದೆಯೋ, ಒಂದು ಮಾತೂ ಆಡಲಿಲ್ಲ.

ಮೊದಲು ಸಂಚಿಯನ್ನೇ ಹೊಲಿದೆ, ನಿನ್ನ ಸೂಜಿ ಹೋದ ತೂತುಗಳಲ್ಲೇ. ಆಮೇಲೆ ಪ್ಯಾಂಟು. ಎರಡು ದಿನ ಹಿಡಿಯಿತು.

ಚಲುವ ಹಾಕಿಕೊಂಡು ಮಂಡಿ ಮಡಿಸಿ ನೋಡಿದ. "ಗಟ್ಟಿಯಾಗಿ ಅದೆ ಕಣವ್ವ. ಯಾರು ಕಲ್ಸಿದ್ರು?"

"ನಮ್ಮವ್ವ" ಅಂದೆ.

"ಅಯ್ಯೋ ಬುಡು! ಅಜ್ಜಿ ಇದ್ದಾಗ ನೀನು ಸೂಜಿ ಮುಟ್ಟಿದ್ದೇ ನಾ ಕಾಣೆ" ಎಂದು ನಕ್ಕ.

ನಾನು ನಗಲಿಲ್ಲ, ಅವ್ವ.

ನಿನ್ನ ಮಗಳು,
ತೇಪೆ ಇಂದ್ರಿ